ಕಾಲು ಮುರಿದುಕೊಂಡವನು ನೋಡಿದ ಸಿನಿಮಾಗಳು

ಕಳೆದ ಮಳೆಗಾಲದಲ್ಲಿ ಹಿತ್ತಲಿನ ಪಾಚಿಗಟ್ಟಿದ ಚಪ್ಪಡಿಯ ಮೇಲೆ ಜಾರಿ ಬಿದ್ದು ಎಡಗಾಲಿನ ಗಿಣ್ಣಿನ ಬಳಿ ಮೂಳೆ ಬಿರುಕು ಬಿಡಿಸಿಕೊಂಡ ನಾನು, ಆರು ವಾರ ಕಾಲಿಗೆ ಕಟ್ಟು ಹಾಕಿಸಿಕೊಂಡು, ಎರಡು ದಿಂಬುಗಳ ಮೇಲೆ ಆ ಕಾಲನ್ನು ಏರಿಸಿಟ್ಟು, ನಡುಮನೆಯ ಟಿ.ವಿ.ಯ ಮುಂದೆ ಕೂತಿದ್ದೆ. ಕಟ್ಟು ಬಿಚ್ಚಿದ ಮೇಲೆ ಫಿಸಿಯೋಥೆರಪಿ ಶುರುವಾಯಿತು. ಅಲ್ಲಿದ್ದ ಹುಡುಗಿ ನನ್ನನ್ನು ಉದ್ದನೆಯ ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಸುತ್ತ, “ಹಿಮ್ಮಡಿ ಮೊದಲು ಊರಿ ಸಾರ್, ಬೆರಳು ಆಮೇಲೆ, ನೆಲ ನೋಡ್ಬೇಡಿ, ಎದುರಿಗೆ ನೋಡಿ” ಎನ್ನುತ್ತಿದ್ದಳು. ಐವತ್ತೆಂಟು ವರ್ಷ ನಡೆದವನಿಗೆ ನಡಿಗೆಯನ್ನು ಹೊಸದಾಗಿ ಹೇಳಿಕೊಡುವಾಗ, ಒಂದು ಹೆಜ್ಜೆಯೊಳಗೆ ಎಷ್ಟೊಂದು ಕೆಲಸ ಅಡಗಿದೆ ಎಂಬುದು ತಿಳಿಯುತ್ತದೆ. ಅದರ ಪರಿಣಾಮವೋ ಏನೋ, ಆ ಎರಡು ಮೂರು ತಿಂಗಳಲ್ಲಿ ನೋಡಿದ ಸಿನಿಮಾಗಳಲ್ಲೆಲ್ಲ ನನ್ನ ಕಣ್ಣು ನಟರ ಮುಖಕ್ಕಿಂತ ಮೊದಲು ಅವರ ಕಾಲಿನ ಮೇಲೆ ಹೋಗತೊಡಗಿತು.

ಸಿನಿಮಾ ನೋಡುವುದರಲ್ಲಿ ನನಗೆ ಯಾವ ತರಬೇತಿಯೂ ಇಲ್ಲ; ಶನಿವಾರ ರಾತ್ರಿ ಊಟವಾದ ಮೇಲೆ ಒಂದು, ಭಾನುವಾರ ಮಧ್ಯಾಹ್ನ ನಿದ್ದೆ ಬಾರದಿದ್ದರೆ ಇನ್ನೊಂದು ಎಂಬಷ್ಟೇ ನನ್ನ ನಂಟು. ಕ್ಯಾಮೆರಾ ಎಲ್ಲಿಟ್ಟರು, ಬೆಳಕು ಹೇಗೆ ಕೊಟ್ಟರು ಎಂಬುದನ್ನೆಲ್ಲ ತಿಳಿದವರು ಹೇಳಲಿ. ಆದರೆ ಒಬ್ಬ ನಟ ತಾನು ವಹಿಸಿದ ಪಾತ್ರದ ನಡಿಗೆಯನ್ನು ಕಂಡುಕೊಂಡಿದ್ದಾನೋ ಇಲ್ಲವೋ ಎಂಬುದನ್ನು ಈಗ ಸ್ವಲ್ಪ ಧೈರ್ಯದಿಂದಲೇ ಹೇಳಬಲ್ಲೆ. ಸಂಭಾಷಣೆಯನ್ನು ಬರೆದುಕೊಡುವವರಿರುತ್ತಾರೆ, ದನಿಯನ್ನು ಬೇಕಾದರೆ ಇನ್ನೊಬ್ಬರಿಂದ ಡಬ್ ಮಾಡಿಸಬಹುದು, ಕಣ್ಣೀರಿಗೆ ಗ್ಲಿಸರಿನ್ ಇದೆ. ನಡಿಗೆಗೆ ಮಾತ್ರ ನಟ ತನ್ನ ಮೈಯನ್ನೇ ನೆಚ್ಚಿಕೊಳ್ಳಬೇಕು. ‘ನಡೆ ನುಡಿ’ ಎಂದು ಜೋಡಿಸುವಾಗ ನಮ್ಮ ಹಿರಿಯರು ನಡೆಯನ್ನು ಮೊದಲಿಗಿಟ್ಟದ್ದು ಸಿನಿಮಾದ ಮಟ್ಟಿಗಂತೂ ಸರಿಯಾಗಿಯೇ ಇದೆ.

ಮೊದಲು ನೋಡಿದ್ದು, ಅಂದರೆ ಎಷ್ಟೋ ವರ್ಷಗಳ ಅನಂತರ ಮತ್ತೆ ನೋಡಿದ್ದು, ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿ 1986ರಲ್ಲಿ ತಯಾರಾದ ಈ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವೂ, ತಬರನ ಪಾತ್ರ ವಹಿಸಿದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟನೆಂಬ ರಾಷ್ಟ್ರಪ್ರಶಸ್ತಿಯೂ ಬಂದವು. ಬ್ರಿಟಿಷರ ಕಾಲದಲ್ಲಿ ನೌಕರಿಗೆ ಸೇರಿದ ಒಬ್ಬ ಕೆಳದರ್ಜೆಯ ಸರ್ಕಾರಿ ನೌಕರ, ಕಾಫಿ ತೆರಿಗೆ ವಸೂಲಿಯ ಗೋಜಲಿನಲ್ಲಿ ಸಿಕ್ಕಿಕೊಂಡು, ನಿವೃತ್ತನಾದ ಮೇಲೆ ತನಗೆ ನ್ಯಾಯವಾಗಿ ಬರಬೇಕಾದ ಪೆನ್ಷನ್ನಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಅತ್ತ ಮನೆಯಲ್ಲಿ ಸಕ್ಕರೆ ಕಾಯಿಲೆಯಿರುವ ಹೆಂಡತಿ ಅಪ್ಪಿಯ ಕಾಲಿಗೆ ಆದ ಗಾಯ ಕೊಳೆಯುತ್ತ ಮೇಲೇರುತ್ತದೆ. ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಈ ಸಿನಿಮಾ ನೋಡಬಾರದು ಎಂದು ಯಾರಾದರೂ ನನಗೆ ಮೊದಲೇ ಹೇಳಬೇಕಿತ್ತು. ಮೊದಲ ಸಲ ನೋಡಿದಾಗ ಇದು ಕಚೇರಿಗಳ ನಿರ್ದಯತೆಯ ಕಥೆಯೆಂದಷ್ಟೇ ತಿಳಿದಿದ್ದೆ. ಈ ಸಲ ಇದು ಎರಡು ಜೊತೆ ಕಾಲುಗಳ ಕಥೆಯಾಗಿ ಕಂಡಿತು: ಒಂದು ಜೊತೆ ನಿಲ್ಲದೆ ನಡೆಯುತ್ತದೆ, ಇನ್ನೊಂದು ನಡೆಯಲಾರದೆ ಮಲಗಿದೆ, ಮತ್ತು ಇದು ನಡೆದಷ್ಟೂ ಅದು ಕೊಳೆಯುತ್ತದೆ.

ಚಾರುಹಾಸನ್ ಅವರ ನಟನೆಯಲ್ಲಿ ನನಗೆ ಅತ್ಯಂತ ಹಿಡಿಸಿದ್ದು ನೌಕರಿಯಲ್ಲಿದ್ದಾಗಿನ ತಬರನಿಗೂ ನಿವೃತ್ತನಾದ ತಬರನಿಗೂ ನಡಿಗೆಯಲ್ಲಿ ಇರುವ ಅಂತರ. ಸರ್ಕಾರದ ಸೇವಕನೆಂಬ ಹೆಮ್ಮೆಯಿದ್ದಾಗ ಆ ಹೆಜ್ಜೆಗೆ ಹೋಗಿ ಮುಟ್ಟಬೇಕಾದ ಒಂದು ಜಾಗವಿತ್ತು. ಆಮೇಲೆ ಅದೇ ಹೆಜ್ಜೆ, ಅದೇ ಆತುರ, ಆದರೆ ಎಲ್ಲಿ ಹೋಗಿ ನಿಲ್ಲಬೇಕೆಂಬುದು ಕಾಲಿಗೇ ಗೊತ್ತಿಲ್ಲ. ನನ್ನ ತಂದೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಶಾಲೆಗೆ ರಜೆಯಿದ್ದಾಗ ಊಟದ ಡಬ್ಬಿ ಕೊಡಲು ಹೋದರೆ, ಕಾಗದಪತ್ರಗಳನ್ನು ಬಟ್ಟೆಯ ಚೀಲದಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಬಂದ ಮುದುಕರು, ಮೇಜು ಇನ್ನೂ ಎರಡು ಹೆಜ್ಜೆ ದೂರವಿರುವಾಗಲೇ ನಿಂತುಬಿಡುತ್ತಿದ್ದುದನ್ನು ನೋಡಿದ್ದೇನೆ. ಆ ಎರಡು ಹೆಜ್ಜೆಯ ದೂರವನ್ನು ಅವರಿಗೆ ಯಾರೂ ಅಳೆದುಕೊಟ್ಟಿರಲಿಲ್ಲ. ತಬರನಲ್ಲಿ ನನಗೆ ಅವರೇ ಕಂಡರು. ಚಾರುಹಾಸನ್ ಕಮಲ್ ಹಾಸನ್ ಅವರ ಅಣ್ಣ, ವೃತ್ತಿಯಿಂದ ವಕೀಲರಾಗಿದ್ದವರು. ಕಾನೂನು ಬಲ್ಲವರೊಬ್ಬರು ಕಾನೂನಿನ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವವನನ್ನು ಇಷ್ಟು ಹತ್ತಿರದಿಂದ ಅರಿತಿದ್ದರಲ್ಲ ಎಂದು ಆಶ್ಚರ್ಯಪಟ್ಟೆ, ಆಮೇಲೆ ಅದರಲ್ಲಿ ಆಶ್ಚರ್ಯವೇನೂ ಇಲ್ಲವೆಂದು ಹೊಳೆಯಿತು, ಏಕೆಂದರೆ ಅಂಥವರನ್ನು ದಿನಾ ಎದುರಿಗೆ ಕಾಣುವವರು ವಕೀಲರೇ ಅಲ್ಲವೇ. ಚಿತ್ರಕ್ಕೆ ಕೊರತೆಯಿಲ್ಲವೆಂದಲ್ಲ. ನಡುಭಾಗದಲ್ಲಿ ಕಚೇರಿಯ ನಿರಾಕರಣೆಗಳು ಒಂದರ ಹಿಂದೆ ಒಂದು ಬಂದಾಗ ಮುಂದಿನದು ಏನೆಂಬುದು ನಮಗೆ ಮೊದಲೇ ತಿಳಿದಿರುತ್ತದೆ, ಗುಮಾಸ್ತರಲ್ಲಿ ಕೆಲವರು ಒಂದೇ ಅಚ್ಚಿನಲ್ಲಿ ಎರಕ ಹೊಯ್ದವರಂತಿದ್ದಾರೆ. ಗುಮಾಸ್ತನ ಮಗನಾದ ನನಗೆ ಇದು ಸ್ವಲ್ಪ ಹೆಚ್ಚೇ ಚುಚ್ಚಿರಬಹುದು. ಆದರೆ ಅಪ್ಪಿಯ ಕಾಲು ಕತ್ತರಿಸಿಕೊಡೆಂದು ಕೇಳಲು ತಬರ ಕಟುಕನ ಬಳಿ ಹೋಗುವ ಆ ಪ್ರಸಂಗ ಬಂದಾಗ ನಾನು ರಿಮೋಟ್ ಕೈಗೆತ್ತಿಕೊಂಡು ಸಿನಿಮಾ ನಿಲ್ಲಿಸಿ, ಅರ್ಧ ಲೋಟ ನೀರು ಕುಡಿದು, ಆಮೇಲೆ ಮುಂದುವರಿಸಿದೆ.

ತಬರನ ಎದುರು ತುದಿಯಲ್ಲಿ ನಿಲ್ಲುವವನು ರಾಮ್ ರೆಡ್ಡಿಯವರ ‘ತಿಥಿ’ಯ ಗಡ್ಡಪ್ಪ. ಇಬ್ಬರೂ ಮುದುಕರು, ಇಬ್ಬರೂ ಚಿತ್ರದುದ್ದಕ್ಕೂ ನಡೆಯುತ್ತಾರೆ. ತಬರನಿಗೆ ಬೇಕಾದುದೆಲ್ಲ ಸರ್ಕಾರದ ಕಡತದಲ್ಲಿದೆ, ಗಡ್ಡಪ್ಪನಿಗೆ ಕಡತವೇ ಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಊರಿನ ಜನರನ್ನೇ ಪಾತ್ರಗಳನ್ನಾಗಿಸಿ ತೆಗೆದ ಈ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, ಮರುವರ್ಷ ನಮ್ಮ ಚಿತ್ರಮಂದಿರಗಳಿಗೆ ಬಂತು. ದಾರಿಯಲ್ಲಿ ಹೋಗಿಬರುವವರನ್ನೆಲ್ಲ ಕಿಚಾಯಿಸುತ್ತ ಕೂತಿದ್ದ ನೂರೊಂದು ವರ್ಷದ ಸೆಂಚುರಿ ಗೌಡ ಚಿತ್ರ ಶುರುವಾದ ಕೆಲವೇ ನಿಮಿಷಗಳಲ್ಲಿ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯೊಳಗೆ ಮಗ ಗಡ್ಡಪ್ಪ, ಮೊಮ್ಮಗ ತಮ್ಮಣ್ಣ, ಮರಿಮಗ ಅಭಿ ಈ ಮೂರು ತಲೆಮಾರುಗಳು ತಮ್ಮ ತಮ್ಮ ದಾರಿಯಲ್ಲಿ ಓಡಾಡುತ್ತವೆ. ತಮ್ಮಣ್ಣನಿಗೆ ಅಪ್ಪನ ಹೆಸರಿನಲ್ಲಿರುವ ಜಮೀನು ಮಾರಬೇಕು, ಅಭಿಗೆ ಕುರಿಗಾಹಿಗಳ ಹುಡುಗಿಯೊಬ್ಬಳ ಹಿಂದೆ ಸುತ್ತಬೇಕು, ಗಡ್ಡಪ್ಪನಿಗೆ ಮಾತ್ರ ಏನೂ ಬೇಡ. ಕೈಯಲ್ಲಿ ಟೈಗರ್ ಬ್ರಾಂದಿಯ ಒಂದು ಪುಟ್ಟ ಬಾಟಲಿಯಿದ್ದರೆ ಸಾಕು.

ಗಡ್ಡಪ್ಪನಾದ ಚನ್ನೇಗೌಡರ ನಡಿಗೆಯನ್ನು ನಾನು ಅಕ್ಷರಶಃ ಹಿಂದಕ್ಕೆ ಮುಂದಕ್ಕೆ ಓಡಿಸಿ ನೋಡಿದೆ. ಗದ್ದೆಯ ಬದುವಿನ ಮೇಲೆ ನಡೆದವರಿಗೆ ಮಾತ್ರ ಬರುವ ನಡಿಗೆ ಅದು. ಮೊಣಕಾಲು ಒಂದಿಷ್ಟು ಬಗ್ಗಿರುತ್ತದೆ, ಪಾದ ಪೂರ್ತಿಯಾಗಿ ಒಂದೇ ಸಲ ನೆಲ ಮುಟ್ಟುತ್ತದೆ, ಮೇಲಿನ ಮೈ ಮಾತ್ರ ಅಲುಗದೆ ತೇಲಿಕೊಂಡು ಹೋಗುತ್ತದೆ. ನಮ್ಮ ಫಿಸಿಯೋಥೆರಪಿಯ ಹುಡುಗಿ ನೋಡಿದ್ದರೆ ಹಿಮ್ಮಡಿ ಮೊದಲು ಊರುತ್ತಿಲ್ಲವೆಂದು ತಕರಾರು ತೆಗೆಯುತ್ತಿದ್ದಳೇನೋ. ಈ ನಡಿಗೆಯನ್ನು ನಟನೆಯೆಂದು ಕರೆಯಬಹುದೇ, ಅವರು ಇದ್ದ ಹಾಗೆಯೇ ಇದ್ದಾರಲ್ಲ ಎಂದು ಕೇಳುವವರಿದ್ದಾರೆ. ನನಗೆ ಆ ಪ್ರಶ್ನೆ ಬೆಂಕಿಯ ಸುತ್ತ ಕುರಿಗಾಹಿಗಳೊಡನೆ ಕೂತು ಗಡ್ಡಪ್ಪ ತನ್ನ ಹೆಂಡತಿ ಮತ್ತು ತಂದೆಯ ಕುರಿತ ಹಳೆಯ ಕಥೆಯನ್ನು ಹೇಳುವವರೆಗೆ ಮಾತ್ರ ಉಳಿದಿತ್ತು. ಅಲ್ಲಿಯವರೆಗೆ ಯಾವುದಕ್ಕೂ ತಲೆಕೆಡಿಸಿಕೊಳ್ಳದ ಸಂತನೆಂದು ನಾವು ನಗುತ್ತ ನೋಡಿದ್ದ ಮುದುಕ, ಯಾವುದನ್ನು ಹಿಂದೆ ಬಿಟ್ಟು ಬರಲು ಇಷ್ಟು ವರ್ಷ ನಡೆಯುತ್ತಿದ್ದಾನೆಂಬುದು ಆಗ ತಿಳಿಯುತ್ತದೆ. ದನಿ ಏರುವುದಿಲ್ಲ, ಹಿನ್ನೆಲೆಯಲ್ಲಿ ಪಿಟೀಲು ಅಳುವುದಿಲ್ಲ. ಕ್ಯಾಮೆರಾದ ಮುಂದೆ ಅಷ್ಟು ಮಾತನ್ನು ಆ ಹದದಲ್ಲಿ ಆಡಿ ಮುಗಿಸುವುದು ‘ಇದ್ದ ಹಾಗೆ ಇರುವುದರಿಂದ’ ಆಗುವ ಕೆಲಸವಲ್ಲ.

ತಮ್ಮಣ್ಣನ ಪಾತ್ರದ ತಮ್ಮೇಗೌಡರ ಬಗ್ಗೆ ಜನ ಕಡಿಮೆ ಮಾತಾಡಿದರು ಎಂಬ ದೂರು ನನಗಿದೆ. ಸಾಲ, ನಕಲಿ ಮರಣಪತ್ರ, ನೆಂಟರಿಷ್ಟರ ಊಟದ ಲೆಕ್ಕ ಇವೆಲ್ಲವನ್ನೂ ಹೊತ್ತು ಓಡಾಡುವ ಆ ಮನುಷ್ಯನ ಬಿರುನಡಿಗೆ ಇಲ್ಲದಿದ್ದರೆ ಗಡ್ಡಪ್ಪನ ಸಾವಧಾನ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಭಿ ಮತ್ತು ಕಾವೇರಿಯ ಭಾಗ ನನಗೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಹುಡುಗ ಹಿಂದೆ ಬೀಳುವುದು, ಹುಡುಗಿ ತಿರುಗಿ ನೋಡುವುದು, ಇಷ್ಟರಲ್ಲೇ ಅದು ಸುತ್ತುತ್ತದೆ, ಕಾವೇರಿಗೆ ತನ್ನದೇ ಆದ ಮನಸ್ಸೊಂದಿದೆಯೆಂದು ಚಿತ್ರ ತಿಳಿಯಗೊಡುವುದಿಲ್ಲ. ಮಂಡ್ಯದ ಕನ್ನಡದ ಬೈಗುಳಗಳು ನಮ್ಮ ಮನೆಯಲ್ಲಿ ಸಮಸ್ಯೆಯಾದವು ಎಂಬುದನ್ನೂ ಇಲ್ಲಿ ದಾಖಲಿಸಬೇಕು. ಎಂಬತ್ತು ದಾಟಿದ ನಮ್ಮ ತಾಯಿಯವರು ಮೊದಲ ಹತ್ತು ನಿಮಿಷ ರಾಮ ರಾಮಾ ಎನ್ನುತ್ತ ಕಿವಿ ಮುಚ್ಚಿಕೊಂಡರು. ಅನಂತರ ಕೈ ತೆಗೆದರು, ಮತ್ತು ನಗುವುದನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಹಳೆಯದಕ್ಕೆ ಬರುತ್ತೇನೆ. 1972ರ ‘ನಾಗರಹಾವು’ ಚಿತ್ರವನ್ನು 2018ರಲ್ಲಿ ಬಣ್ಣ, ಸದ್ದುಗಳನ್ನು ತಿದ್ದಿ ಮರುಬಿಡುಗಡೆ ಮಾಡಿದಾಗ ದೊಡ್ಡ ಪರದೆಯಲ್ಲಿ ನೋಡಿದ್ದೆ. ಈಗ ಮನೆಯಲ್ಲಿ ಇನ್ನೊಮ್ಮೆ ನೋಡಿದೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಈ ಚಿತ್ರದ ಕಥೆಯನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ರಾಮಾಚಾರಿಯಾದಾಗ ವಿಷ್ಣುವರ್ಧನ್ ಅವರಿಗೆ ಇಪ್ಪತ್ತೆರಡು ವರ್ಷ. ಅವರ ಸಿಟ್ಟಿನ ಕಣ್ಣುಗಳನ್ನು ಎಲ್ಲರೂ ಹೊಗಳಿದ್ದಾರೆ. ಆದರೆ ಇಂದು ನೋಡುವಾಗ ಆ ಸಿಟ್ಟಿನ ಎಷ್ಟೋ ಭಾಗ ನಾಟಕೀಯವೆನಿಸುತ್ತದೆ, ಹಲ್ಲು ಕಚ್ಚಿ ಮುಷ್ಟಿ ಬಿಗಿಹಿಡಿಯುವ ಕೆಲವು ಕ್ಷಣಗಳು ಅಗತ್ಯಕ್ಕಿಂತ ಉದ್ದವಾಗಿವೆ. ಆ ಹುಡುಗನನ್ನು ನಾನು ನಂಬಿದ್ದು ಚಿತ್ರದುರ್ಗದ ಬಂಡೆಗಳ ಮೇಲೆ. ಕೋಟೆಯ ಕಲ್ಲುಗಳನ್ನು ಮೆಟ್ಟಿಲುಗಳೆಂಬಂತೆ ಹತ್ತಿಳಿಯುವ ರಾಮಾಚಾರಿ, ಮನೆಯೊಳಗೆ ಬಂದೊಡನೆ ಎಲ್ಲಿ ಕಾಲಿಡಬೇಕೆಂದು ತಿಳಿಯದವನಂತಾಗುತ್ತಾನೆ. ಊರು ಅವನನ್ನು ಒಳಗೆ ಸೇರಿಸಿಕೊಳ್ಳಲಿಲ್ಲವೆಂಬ ಕಥೆಯ ಸಾರವೆಲ್ಲ ಈ ವ್ಯತ್ಯಾಸದಲ್ಲಿದೆ.

ಆ ಚಿತ್ರದ ನಿಜವಾದ ನಟನೆ ನನ್ನ ದೃಷ್ಟಿಯಲ್ಲಿ ಕೆ.ಎಸ್. ಅಶ್ವಥ್ ಅವರದು. ಚಾಮಯ್ಯ ಮೇಷ್ಟ್ರು ನಡೆದು ಬರುವ ರೀತಿಯಲ್ಲಿಯೇ ಅವರು ಎಂಥ ಮೇಷ್ಟ್ರು ಎಂಬುದು ತಿಳಿಯುತ್ತದೆ. ಹುಡುಗರು ಎದ್ದು ನಿಲ್ಲುತ್ತಾರೆಂಬ ನಂಬಿಕೆಯಿರುವ, ಆದರೆ ಅದಕ್ಕಾಗಿ ಕಾಯದ ನಡಿಗೆ ಅದು. ಹಿಂದೆ ಈ ಪಾತ್ರವನ್ನು ದೇವರಂಥವರೆಂದು ನೋಡಿದ್ದೆ. ಈಗ, ಅಲಮೇಲುವನ್ನು ಬಿಟ್ಟುಕೊಡುವಂತೆ ರಾಮಾಚಾರಿಯನ್ನು ಒಪ್ಪಿಸುವ ಪ್ರಸಂಗದಲ್ಲಿ, ಆ ಮೃದುವಾದ ದನಿಯೇ ಭಯ ಹುಟ್ಟಿಸಿತು. ಬೈದು ಹೇಳಿದ್ದರೆ ಹುಡುಗ ಮೀರಿ ನಡೆಯುತ್ತಿದ್ದ. ಪ್ರೀತಿಯಿಂದ ಕೇಳಿದ್ದರಿಂದ ಅವನ ಕಾಲು ಕಟ್ಟಿಹೋಯಿತು. ಅಶ್ವಥ್ ಆ ಪ್ರೀತಿಯನ್ನು ಒಂದಿಷ್ಟೂ ಸುಳ್ಳಾಗಿಸದೆ, ಅದರೊಳಗಿನ ಅಪಾಯವನ್ನೂ ಬಿಟ್ಟುಕೊಡದೆ ನಟಿಸಿದ್ದಾರೆ. ಅಂಬರೀಷ್ ಅವರ ಜಲೀಲನ ಪಾತ್ರ ಬೆರಳೆಣಿಕೆಯ ದೃಶ್ಯಗಳಷ್ಟಿದ್ದರೂ ಜನ ಮರೆತಿಲ್ಲ, ಅದಕ್ಕೆ ಕಾರಣ ಸಿಗರೇಟು ಎಂದು ಎಲ್ಲರೂ ಹೇಳುತ್ತಾರೆ. ನನಗೇನೋ ಆ ಸೋಮಾರಿ ಭುಜಗಳೆನಿಸುತ್ತದೆ.

‘ನಾನು ಅವನಲ್ಲ... ಅವಳು’ ಚಿತ್ರವನ್ನು ನೋಡಲು ಇಷ್ಟು ವರ್ಷ ತಡಮಾಡಿದ್ದಕ್ಕೆ ನನ್ನನ್ನೇ ಬೈದುಕೊಂಡೆ. ಟ್ರಾನ್ಸ್‌ಜೆಂಡರ್ ಮಹಿಳೆ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿ ಬಿ.ಎಸ್. ಲಿಂಗದೇವರು ನಿರ್ದೇಶಿಸಿ, 2015ರಲ್ಲಿ ತೆರೆಕಂಡ ಈ ಚಿತ್ರಕ್ಕೆ ಸಂಚಾರಿ ವಿಜಯ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿಯೂ, ಪ್ರಸಾಧನಕ್ಕೆ ಇನ್ನೊಂದು ರಾಷ್ಟ್ರಪ್ರಶಸ್ತಿಯೂ ಬಂದಿದ್ದವು. ಗಂಡು ನಟರು ಇಂಥ ಪಾತ್ರಗಳನ್ನು ವಹಿಸಿದಾಗ ನಮ್ಮ ಸಿನಿಮಾಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆಂಬುದು ಎಲ್ಲರಿಗೂ ಗೊತ್ತು: ಸೊಂಟ ಬಳುಕುತ್ತದೆ, ಕೈ ಚಪ್ಪಾಳೆ ತಟ್ಟುತ್ತದೆ, ಚಿತ್ರಮಂದಿರ ನಗುತ್ತದೆ. ವಿಜಯ್ ಆ ದಾರಿಯನ್ನು ಹಿಡಿಯಲಿಲ್ಲ. ಮಾದೇಶನಾಗಿದ್ದಾಗ ಅವರು ನಡೆಯುವುದು ತನ್ನ ನಡಿಗೆಯನ್ನು ತಾನೇ ಕಾವಲು ಕಾಯುವವನ ಹಾಗೆ. ಯಾರಾದರೂ ನೋಡುತ್ತಿದ್ದಾರೆಂದು ತಿಳಿದೊಡನೆ ಹೆಜ್ಜೆ ಗಟ್ಟಿಯಾಗುತ್ತದೆ, ಭುಜ ಅಗಲವಾಗುತ್ತದೆ, ಯಾರೂ ಇಲ್ಲವೆಂದಾಗ ಒಂದು ಕ್ಷಣ ಸಡಿಲವಾಗುತ್ತದೆ. ವಿದ್ಯಾ ಆದ ಮೇಲೆ ಆ ಕಾವಲು ಇಲ್ಲವಾಗುತ್ತದೆ, ಅಷ್ಟೇ. ಹೊಸದಾಗಿ ಏನನ್ನೂ ಸೇರಿಸಿಕೊಂಡಂತೆ ಕಾಣುವುದಿಲ್ಲ. ಫಿಸಿಯೋಥೆರಪಿಯ ಪಡಸಾಲೆಯಲ್ಲಿ ನನ್ನ ನಡಿಗೆಯನ್ನು ನಾನೇ ಗಮನಿಸುತ್ತ ಎಡವುತ್ತಿದ್ದ ದಿನಗಳಲ್ಲಿ ಇದನ್ನು ನೋಡಿದ್ದರಿಂದ, ಒಬ್ಬ ಮನುಷ್ಯ ಇಪ್ಪತ್ತು ವರ್ಷ ಹಗಲಿರುಳು ಹೀಗೆ ತನ್ನನ್ನು ತಾನು ಗಮನಿಸಿಕೊಂಡೇ ನಡೆಯಬೇಕಾಗಿ ಬಂದರೆ ಎಷ್ಟು ದಣಿಯಬಹುದೆಂಬ ಯೋಚನೆ ಬಂತು. ಚಿತ್ರದ ಪೋಷಕ ಪಾತ್ರಗಳ ಸಂಭಾಷಣೆ ಅಲ್ಲಲ್ಲಿ ಪಾಠ ಹೇಳುವಂತಿದೆ, ಕೆಲವು ಘಟನೆಗಳು ಆತ್ಮಕಥೆಯ ಅಧ್ಯಾಯಗಳನ್ನು ಒಂದೊಂದಾಗಿ ಮುಗಿಸುವ ಅವಸರದಲ್ಲಿವೆ. ಆದರೆ ವಿಜಯ್ ಪರದೆಯ ಮೇಲಿರುವಷ್ಟು ಹೊತ್ತು ಈ ಕೊರತೆಗಳು ಗಮನಕ್ಕೆ ಬರುವುದಿಲ್ಲ. 2021ರ ಜೂನ್‌ನಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ಇನ್ನೂ ಎಂತೆಂಥ ಪಾತ್ರಗಳು ಅವರಿಗಾಗಿ ಕಾದಿದ್ದವೋ.

ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಬಗ್ಗೆ ನನ್ನ ಮೆಚ್ಚುಗೆ ಅರ್ಧಕ್ಕೆ ನಿಲ್ಲುತ್ತದೆ. ಕಾಣೆಯಾದವರ ಪ್ರಕಟಣೆಯ ಭಾಷೆಯನ್ನೇ ಹೆಸರಾಗಿಸಿಕೊಂಡ ಈ 2016ರ ಚಿತ್ರದಲ್ಲಿ, ಮರೆವಿನ ಕಾಯಿಲೆಯಿರುವ ವೆಂಕೋಬ ರಾವ್ ಮಗನ ಅಲಕ್ಷ್ಯದ ಒಂದು ಗಳಿಗೆಯಲ್ಲಿ ಕಳೆದುಹೋಗುತ್ತಾರೆ, ಮಗ ಹುಡುಕುತ್ತ ಹೋಗುತ್ತಾನೆ. 1980ರ ‘ಮಿಂಚಿನ ಓಟ’ದಲ್ಲಿ ಜೈಲಿನಿಂದ ತಪ್ಪಿಸಿಕೊಂಡು ಓಡಿದ ಅನಂತ ನಾಗ್ ಅವರನ್ನು ನೋಡಿ ಬೆಳೆದ ನನಗೆ, ಇಲ್ಲಿ ಅದೇ ಮನುಷ್ಯ ನಾಲ್ಕು ಹೆಜ್ಜೆ ಇಟ್ಟು ಐದನೆಯದನ್ನು ಯಾವ ಕಡೆಗೆ ಇಡಬೇಕೆಂದು ಯೋಚಿಸುವುದನ್ನು ನೋಡುವುದೇ ಕಷ್ಟವಾಯಿತು. ಮರೆವಿನ ರೋಗಿಯನ್ನು ನಟಿಸುವವರು ಬಹಳ ಮಟ್ಟಿಗೆ ಶೂನ್ಯದತ್ತ ನೋಡುತ್ತ ಕೂರುತ್ತಾರೆ. ಅನಂತ ನಾಗ್ ಅವರ ವೆಂಕೋಬ ರಾಯರು ಹಾಗಲ್ಲ, ಅವರಿಗೆ ಕುತೂಹಲವಿದೆ. ಎದುರಿಗಿರುವವನು ಕೊಲೆಗಾರನೆಂಬುದು ಗೊತ್ತಿಲ್ಲದೆ ಅವನೊಂದಿಗೆ ಮನೆಯವರೊಡನೆ ಮಾತಾಡುವಂತೆ ಮಾತಿಗಿಳಿಯುವ ಅವರ ಸಲುಗೆಯಲ್ಲಿ, ಹಳೆಯ ಸಜ್ಜನನೊಬ್ಬನ ನಡತೆ ನೆನಪಿಗಿಂತ ಹೆಚ್ಚು ಕಾಲ ಉಳಿದಿರುವುದು ಕಾಣುತ್ತದೆ. ವಸಿಷ್ಠ ಸಿಂಹ, ಅಚ್ಯುತ್ ಕುಮಾರ್ ಇಬ್ಬರೂ ಅವರ ಎದುರು ಅಳುಕದೆ ನಿಂತಿದ್ದಾರೆ. ಆದರೆ ಕೊಲೆ ಮತ್ತು ಹೆಣ ಸಾಗಿಸುವ ಕಥೆ ಮೇಲುಗೈ ಪಡೆದಂತೆಲ್ಲ, ಒಬ್ಬ ಮುದುಕ ಬೆಂಗಳೂರಿನಲ್ಲಿ ಕಳೆದುಹೋಗುವುದಷ್ಟೇ ಒಂದು ಸಿನಿಮಾಕ್ಕೆ ಸಾಕಾಗಿತ್ತಲ್ಲ ಎಂದು ಅನಿಸುತ್ತಲೇ ಇತ್ತು. ರಕ್ಷಿತ್ ಶೆಟ್ಟಿಯವರ ಮಗನ ಪಾತ್ರದ ಪಶ್ಚಾತ್ತಾಪವನ್ನು ಹಾಡುಗಳೇ ಹೆಚ್ಚಾಗಿ ಹೊತ್ತಿವೆ.

ನನ್ನ ಅಳತೆಗೋಲು ಪೂರ್ತಿಯಾಗಿ ಕೈಕೊಟ್ಟದ್ದು ಡಿ. ಸತ್ಯಪ್ರಕಾಶ್ ಅವರ ‘ರಾಮಾ ರಾಮಾ ರೇ’ಯಲ್ಲಿ. ಗಲ್ಲಿಗೇರಿಸಬೇಕಾದವನೂ ಗಲ್ಲಿಗೇರಬೇಕಾದವನೂ ಪರಸ್ಪರ ಗುರುತಿಲ್ಲದೆ ಒಂದೇ ಜೀಪಿನಲ್ಲಿ ಸಾಗುವ ಕಥೆಯಾದ್ದರಿಂದ ಅಲ್ಲಿ ಬಹಳ ಹೊತ್ತು ಎಲ್ಲರೂ ಕೂತೇ ಇರುತ್ತಾರೆ. ಕೂತಲ್ಲಿಂದಲೇ, ಸ್ಟೀರಿಂಗ್ ಹಿಡಿದ ಕೈ ಮತ್ತು ರಸ್ತೆಯ ಮೇಲಿಟ್ಟ ಕಣ್ಣಿನಲ್ಲಿಯೇ ಕೆ. ಜಯರಾಮ್ ಪಾತ್ರವನ್ನು ಕಟ್ಟಿದ್ದಾರೆ. ಇಷ್ಟು ಒಳ್ಳೆಯ ಚಿತ್ರವನ್ನು ಇನ್ನೂ ನೋಡದವರು ನೋಡಿ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಕರಾವಳಿಯ ಎರಡು ಚಿತ್ರಗಳನ್ನು ಒಟ್ಟಿಗೆ ಹೇಳಬೇಕು, ಏಕೆಂದರೆ ಎರಡರಲ್ಲಿಯೂ ನಾಯಕನ ಹೆಸರು ಶಿವ, ಎರಡರಲ್ಲಿಯೂ ಅವನು ಕುಣಿಯುತ್ತಾನೆ. ‘ಗರುಡ ಗಮನ ವೃಷಭ ವಾಹನ’ವನ್ನು 2021ರ ನವೆಂಬರ್‌ನಲ್ಲಿ ಚಿತ್ರಮಂದಿರದಲ್ಲಿಯೇ ನೋಡಿದ್ದೆ. ಆ ಚಿತ್ರಮಂದಿರದ ಹೆಸರು ಹೇಳುವುದು ಬೇಡ. ಸದ್ದನ್ನು ಎಷ್ಟು ಏರಿಸಿದ್ದರೆಂದರೆ ಕೂತ ಕುರ್ಚಿ ಅದುರುತ್ತಿತ್ತು, ಕೊನೆಯ ದೃಶ್ಯ ಮುಗಿಯುವ ಮೊದಲೇ ದೀಪ ಹಾಕಿ, ಕಸ ಗುಡಿಸುವವರನ್ನು ಒಳಗೆ ಬಿಟ್ಟಿದ್ದರು. ಮನೆಯಲ್ಲಿ ಸಮಾಧಾನವಾಗಿ ನೋಡಿದಾಗ ರಾಜ್ ಬಿ. ಶೆಟ್ಟಿಯವರ ಕೆಲಸ ಎಷ್ಟು ಸೂಕ್ಷ್ಮವೆಂಬುದು ತಿಳಿಯಿತು. ಮಂಗಳಾದೇವಿಯ ಆಸುಪಾಸಿನ ಬೀದಿಗಳಲ್ಲಿ ಈ ಶಿವ ನಡೆಯುವುದು ತಲೆ ತಗ್ಗಿಸಿ, ಗೋಡೆಯ ಬದಿಗೆ ಸರಿದು, ಯಾರದೋ ಮನೆಗೆ ಕರೆಯದೆ ಬಂದವನ ಹಾಗೆ. ಹುಡುಗರ ಜೊತೆ ಕ್ರಿಕೆಟ್ ಆಡುವಾಗ ಅವನೂ ಒಬ್ಬ ಹುಡುಗ. ಕೊಲೆ ಮಾಡಿದ ಮೇಲೆ, ‘ಸೋಜುಗಾದ ಸೂಜು ಮಲ್ಲಿಗೆ’ ಕೇಳಿಬರುವಾಗ, ಅದೇ ಕಾಲುಗಳು ಹುಲಿವೇಷದ ಹೆಜ್ಜೆ ಹಾಕುತ್ತವೆ. ಮಾದಪ್ಪನ ಬೆಟ್ಟದ ಕಡೆಯ ಹಾಡಿಗೆ ಮಂಗಳೂರಿನ ಹುಲಿ ಕುಣಿಯುವುದು ಕಾಗದದ ಮೇಲೆ ಬರೆದರೆ ಅಸಂಬದ್ಧವಾಗಿ ತೋರುತ್ತದೆ. ಪರದೆಯ ಮೇಲೆ ಅದು ಹಾಗೆ ತೋರಲಿಲ್ಲ. ಅಷ್ಟು ಹೊತ್ತು ಗೋಡೆಯ ಬದಿಗೆ ಸರಿದು ನಡೆದವನಿಗೆ ರಸ್ತೆಯೆಲ್ಲ ತನ್ನದೆನಿಸಿದ ಏಕೈಕ ಗಳಿಗೆ ಅದು. ರಿಷಬ್ ಶೆಟ್ಟಿಯವರ ಹರಿ ಚೆನ್ನಾಗಿದ್ದಾನೆ, ಪೊಲೀಸ್ ಅಧಿಕಾರಿಯಾದ ಗೋಪಾಲಕೃಷ್ಣ ದೇಶಪಾಂಡೆಯವರ ದಣಿದ ಮುಖವೂ ಚೆನ್ನಾಗಿದೆ. ಹೆಣಗಳ ಲೆಕ್ಕ ಮಾತ್ರ ನನ್ನಂಥವನಿಗೆ ಹೆಚ್ಚಾಯಿತು.

2022ರ ‘ಕಾಂತಾರ’ದ ಬಗ್ಗೆ ನನ್ನ ಅಭಿಪ್ರಾಯಕ್ಕೆ ಮನೆಯಲ್ಲಿಯೇ ಬೆಂಬಲವಿಲ್ಲ. ರಿಷಬ್ ಶೆಟ್ಟಿಯವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಕೊನೆಯ ಭಾಗದ ಬಗ್ಗೆ ನನ್ನ ತಕರಾರಿಲ್ಲ. ಮೈಮೇಲೆ ದೈವ ಬಂದವನ ಹೆಜ್ಜೆ ಮನುಷ್ಯನ ಹೆಜ್ಜೆಯಾಗಿ ಉಳಿಯದಿರುವುದನ್ನು ಅವರು ಮೈಯನ್ನು ಪಣವಾಗಿಟ್ಟು ತೋರಿಸಿದ್ದಾರೆ. ಆರಂಭದ ಕಂಬಳದ ಕೆಸರಿನಲ್ಲಿ ಕೋಣಗಳ ಹಿಂದೆ ಓಡುವಾಗಲೂ ಅವರು ಆ ನೆಲದವರೇ. ನನ್ನ ದೂರು ಇವೆರಡರ ನಡುವಿನ ಶಿವನ ಬಗ್ಗೆ. ಕುಡಿದು, ಹೊಡೆದಾಡಿ, ಹುಡುಗಿಯನ್ನು ಚುಡಾಯಿಸಿ, ನಿಧಾನಗತಿಯಲ್ಲಿ ನಡೆದುಬರುವ ಆ ಶಿವನ ನಡಿಗೆ ಕುಂದಾಪುರದ ಕಡೆಯದಲ್ಲ, ಎಲ್ಲ ಊರಿನ ಎಲ್ಲ ನಾಯಕರದು. ಅವನೆದುರು ಕಿಶೋರ್ ಅವರ ಅರಣ್ಯಾಧಿಕಾರಿ ಮುರಳಿಯನ್ನು ನೋಡಿ: ಬೂಟಿನ ಹೆಜ್ಜೆ ಎಷ್ಟು ನೇರವಿದೆಯೆಂದರೆ, ಕಾಡಿನಲ್ಲಿ ನೇರವಾಗಿ ನಡೆಯಬೇಕೆನ್ನುವವನ ತಪ್ಪು ತಿಳಿವಳಿಕೆಯೆಲ್ಲ ಅದರಲ್ಲೇ ಗೊತ್ತಾಗುತ್ತದೆ. ನೃತ್ಯ ಕಲಾವಿದೆ ಮಾನಸಿ ಸುಧೀರ್ ತಾಯಿ ಕಮಲಳಾಗಿ ಮಗನನ್ನು ಬೈಯುವಾಗ ಸೊಂಟಕ್ಕೆ ಕೈಕೊಟ್ಟು ಒಂದು ಕಾಲಿನ ಮೇಲೆ ಭಾರ ಹಾಕಿ ನಿಲ್ಲುವ ಭಂಗಿಯನ್ನು ನಮ್ಮ ಚಿಕ್ಕಮ್ಮನಲ್ಲಿ ನೋಡಿದ್ದೇನೆ. ಇದನ್ನೆಲ್ಲ ಹೇಳಿದ್ದಕ್ಕೆ ಮಗಳು, “ಅಪ್ಪಾ, ನಿಮಗೆ ಕಾಲು ಸರಿಹೋಗೋ ತನಕ ಯಾರ ಕಾಲೂ ಸರಿ ಕಾಣಲ್ಲ” ಎಂದಳು.

ಅವಳ ಮಾತನ್ನು ಸುಳ್ಳಾಗಿಸಲೆಂದೇ ‘ಬೆಟ್ಟದ ಹೂವು’ ಹಾಕಿಸಿದೆ. ಎನ್. ಲಕ್ಷ್ಮೀನಾರಾಯಣ್ ಅವರ 1985ರ ಈ ಚಿತ್ರದಲ್ಲಿ ಆಗ ಹತ್ತು ವರ್ಷದ ಪುನೀತ್, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂಬ ಆಸೆಯಿಂದ ಕಾಡಿನ ಹೂಗಳನ್ನು ತಂದುಕೊಟ್ಟು ಕಾಸು ಕೂಡಿಡುವ ಬಡ ಹುಡುಗ ರಾಮು. ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಅವರಿಗೆ ಬಂದದ್ದು ಇದಕ್ಕೇ. ಬೆಟ್ಟದ ಏರಿನಲ್ಲಿ ಆ ಹುಡುಗ ನಡೆಯುವುದನ್ನು ನೋಡಿದರೆ, ಮುಂದೆ ದೊಡ್ಡವರಾಗಿ ಅಷ್ಟು ಚೆನ್ನಾಗಿ ಕುಣಿದವರ ಕಾಲುಗಳು ಇವೇ ಎಂದು ಯಾರಿಗಾದರೂ ಹೊಳೆಯುತ್ತದೆ. ಆದರೆ ಇಲ್ಲಿ ಆ ಚುರುಕಿಗೆ ಪ್ರದರ್ಶನದ ಸೋಂಕಿಲ್ಲ. ಕೊನೆಗೆ ಕೂಡಿಟ್ಟ ಹಣದಲ್ಲಿ ಪುಸ್ತಕದ ಬದಲು ಮನೆಯವರಿಗೆ ಕಂಬಳಿ ಕೊಳ್ಳುವ ನಿರ್ಧಾರವನ್ನು ಅವನು ಅತ್ತು ಕರೆದು ಮಾಡುವುದಿಲ್ಲ. ಆ ಹುಡುಗನ ಯಾವ ಹೆಜ್ಜೆಯಲ್ಲೂ ತಪ್ಪು ಹುಡುಕಲು ನನ್ನಿಂದಾಗಲಿಲ್ಲವೆಂದು ಮಗಳಿಗೆ ಒಪ್ಪಿಸಿದೆ. ಅವಳು ಉತ್ತರ ಕೊಡಲಿಲ್ಲ. ಪುನೀತ್ ತೀರಿಕೊಂಡ 2021ರ ಅಕ್ಟೋಬರ್‌ನ ಆ ಶುಕ್ರವಾರ ಅವಳ ಕಾಲೇಜಿಗೆ ಮಧ್ಯಾಹ್ನವೇ ರಜೆ ಕೊಟ್ಟಿದ್ದರು, ಬಹುಶಃ ಅದು ನೆನಪಾಗಿರಬೇಕು.

ಕಟ್ಟು ಬಿಚ್ಚಿ ಊರುಗೋಲಿನ ಮೇಲೆ ಓಡಾಡುವ ಹೊತ್ತಿಗೆ ತಾಯಿಯವರ ಒತ್ತಾಯಕ್ಕೆ ‘ಬಂಗಾರದ ಮನುಷ್ಯ’ ನೋಡಿದೆವು. ಸಿದ್ದಲಿಂಗಯ್ಯನವರ ಈ ಚಿತ್ರವೂ 1972ರದೇ. ನೀತಿಪಾಠ ಇಲ್ಲಿ ಸ್ವಲ್ಪ ಜಾಸ್ತಿಯೇ ಇದೆ, ರಾಜ್‌ಕುಮಾರ್ ಅವರ ರಾಜೀವ ತಪ್ಪು ಮಾಡುವುದೇ ಇಲ್ಲವಲ್ಲ ಎಂಬ ಬೇಸರವೂ ಒಮ್ಮೊಮ್ಮೆ ಬರುತ್ತದೆ. ಬಾಲಕೃಷ್ಣ ಇರುವ ಕಡೆಯೆಲ್ಲ ಆ ಬೇಸರ ಹಗುರವಾಗುತ್ತದೆ. ರಾಜ್‌ಕುಮಾರ್ ಪಂಚೆಯನ್ನು ಮೇಲಕ್ಕೆ ಕಟ್ಟಿಕೊಂಡು ಹೊಲದಲ್ಲಿ ನಡೆಯುವಾಗ ಮಾತ್ರ, ರಂಗಭೂಮಿಯ ರಾಜಠೀವಿಯನ್ನು ಕಲಿತು ಬಂದ ನಟ ಅದನ್ನು ಮಣ್ಣಿನ ಮೇಲೆ ಕಾಲಿಡುವ ಮೊದಲು ಎಲ್ಲಿ ಕಳಚಿಟ್ಟು ಬಂದರು ಎಂದು ಸೋಜಿಗವಾಗುತ್ತದೆ. ಕೊನೆಯಲ್ಲಿ, ವಜ್ರಮುನಿ ವಹಿಸಿದ ಕೇಶವನ ಮಾತು ಕೇಳಿಸಿಕೊಂಡು, ತಾನೇ ಕಟ್ಟಿ ನಿಲ್ಲಿಸಿದ ಮನೆಯನ್ನು ಬಿಟ್ಟು ರಾಜೀವ ಹೊರಡುವ ಹೊತ್ತು ಬಂದಿತು. ತಾಯಿಯವರು ಎದ್ದು ಅಡುಗೆಮನೆಗೆ ಹೋದರು. ಐವತ್ತು ವರ್ಷಗಳಿಂದ ಈ ಚಿತ್ರವನ್ನು ಎಷ್ಟು ಸಲ ನೋಡಿದರೂ ಅವರು ಆ ನಡಿಗೆಯನ್ನು ನೋಡಿಲ್ಲವಂತೆ. ಅಲ್ಲಿಗೆ ಬಂದಾಗಲೆಲ್ಲ ಒಲೆಯ ಮೇಲೆ ಏನಾದರೊಂದು ಇರುತ್ತದೆ. ನಾನು ಪೂರ್ತಿ ನೋಡಿದೆ. ಮುಗಿದ ಮೇಲೆ ಒಳಗಿನಿಂದಲೇ, “ಹೋದನೇನೋ?” ಎಂದು ಕೇಳಿದರು. “ಹೋದರು ಅಮ್ಮಾ” ಎಂದೆ. ಆಮೇಲೆ ಕಾಫಿ ತಂದುಕೊಟ್ಟರು.